ಬಲಗಣ್ಣಿಗೊಂದು ಅಳತೆ, ಎಡಗಣ್ಣಿಗೊಂದು ಅಳತೆ

ನನಗೆ ಎರಡು ಕಣ್ಣುಗಳಿವೆ ಎನ್ನುವುದು ನಲವತ್ತೇಳನೆಯ ವಯಸ್ಸಿನವರೆಗೂ ನನ್ನ ಗಮನಕ್ಕೆ ಬಂದಿರಲಿಲ್ಲ. ಇರುವುದೇನೋ ಗೊತ್ತಿತ್ತು, ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ದಿನಾ ಎರಡೂ ಕಾಣುತ್ತಿದ್ದವು. ಆದರೆ ಅವು ಬೇರೆ ಬೇರೆ ಆಸಾಮಿಗಳು, ಒಬ್ಬ ನೋಡಿದ್ದನ್ನು ಇನ್ನೊಬ್ಬ ಒಪ್ಪಲೇಬೇಕು ಎಂಬ ಕಾನೂನೇನೂ ಇಲ್ಲ ಎಂಬುದು ಗೊತ್ತಿರಲಿಲ್ಲ. ನಮ್ಮ ಮೈಯ ಭಾಗಗಳೆಲ್ಲ ಹೀಗೆಯೇ. ನೋಯುವವರೆಗೆ ಹಲ್ಲು ನಮ್ಮದಲ್ಲ, ಉಳುಕುವವರೆಗೆ ಸೊಂಟ ನಮ್ಮದಲ್ಲ. ಕೆಟ್ಟ ಮೇಲೆ ಮಾತ್ರ ಮನೆಯ ಯಜಮಾನರ ಹಾಗೆ ಬೆಳಗಿನಿಂದ ಸಂಜೆಯವರೆಗೆ ಹೆಸರು ಕರೆಸಿಕೊಳ್ಳುತ್ತವೆ.

ಆಗ ನಾನು ಮಾಗಡಿಯಲ್ಲಿ ಮನೆ ಮಾಡಿಕೊಂಡಿದ್ದ ಸರ್ಕಾರಿ ಸರ್ವೆಯರು. ಕೆಲಸವೆಂದರೆ ಬೇರೆಯವರ ಜಮೀನನ್ನು ಸರಪಳಿ ಹಿಡಿದು ಅಳೆಯುವುದು, ಹದ್ದು ಎಲ್ಲಿದೆ ಎಂದು ತೋರಿಸಿ ಗೂಟ ಹೊಡೆಸುವುದು, ಆಮೇಲೆ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು. ಒಂದು ದಿನ ಹೊಲದಲ್ಲಿ ಅಳೆಯುತ್ತಿದ್ದಾಗ, ಎಳೆದ ಸರಪಳಿಗೆ ಸಿಕ್ಕಿಕೊಂಡಿದ್ದ ಜಾಲಿಯ ಕೊಂಬೆಯೊಂದು ಬಿಡಿಸಿಕೊಂಡು ನೇರ ನನ್ನ ಬಲಗಣ್ಣಿಗೆ ಬಡಿಯಿತು. ಕೆಲವು ತಿಂಗಳಲ್ಲಿ ಆ ಕಣ್ಣಿನಲ್ಲಿ ಪೊರೆ ಕಟ್ಟಿ, ಲೋಕವೆಲ್ಲ ಮಜ್ಜಿಗೆಯೊಳಗೆ ಅದ್ದಿಟ್ಟಂತಾಯಿತು. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಆಗಿನ್ನೂ ಕಣ್ಣಿನೊಳಗೇ ಹೊಸ ಮಸೂರ ಕೂರಿಸುವ ಕಾಲ ನಮ್ಮಂಥವರಿಗೆ ಬಂದಿರಲಿಲ್ಲ. ಪೊರೆ ಕಟ್ಟಿದ ಮಸೂರವನ್ನು ತೆಗೆದುಹಾಕಿ, ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಇಟ್ಟು, ಅಲುಗಾಡಬೇಡ ಎಂದು ಮಲಗಿಸಿಬಿಡುತ್ತಿದ್ದರು. ಕೆಮ್ಮಲೂ ಅಪ್ಪಣೆ ಕೇಳಬೇಕಾಗಿತ್ತು.

ಇಷ್ಟೆಲ್ಲ ಆದ ಮೇಲೆ ಡಾಕ್ಟರಮ್ಮ ಹೇಳಿದ್ದೇನು ಗೊತ್ತೇ? ಆಕೆ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಲ್ಲಿ ದೊಡ್ಡವರು. "ನೋಡಿ, ಬಲಗಣ್ಣಿನ ಮಸೂರ ತೆಗೆದಿದ್ದೇವೆ. ಆ ಕಣ್ಣಿಗೆ ಕಾಣಬೇಕಾದರೆ ದಪ್ಪ ಗಾಜಿನ ಕನ್ನಡಕ ಬೇಕು. ಆದರೆ ಆ ಗಾಜಿನಲ್ಲಿ ಎಲ್ಲವೂ ಹೆಚ್ಚುಕಮ್ಮಿ ಕಾಲುಭಾಗ ದೊಡ್ಡದಾಗಿ ಕಾಣುತ್ತೆ. ನಿಮ್ಮ ಎಡಗಣ್ಣು ಚೆನ್ನಾಗಿದೆ, ಅದು ಇದ್ದದ್ದನ್ನು ಇದ್ದಷ್ಟೇ ತೋರಿಸುತ್ತೆ. ಎರಡು ಅಳತೆಯ ಎರಡು ಚಿತ್ರ ಒಟ್ಟಿಗೆ ಹೋದರೆ ಮಿದುಳು ಸೇರಿಸಿ ಒಂದು ಮಾಡಲಾರದು. ಆದ್ದರಿಂದ ಸದ್ಯಕ್ಕೆ ಎಡಗಣ್ಣಲ್ಲೇ ಕೆಲಸ ಮಾಡಿಕೊಳ್ಳಿ. ಬಲಗಣ್ಣು ಮೀಸಲು ಇರಲಿ."

ಮೀಸಲು! ಅದೇನು ಮೀಸಲು ಪೊಲೀಸೇ, ಗಲಾಟೆಯಾದಾಗ ಕರೆಸಿಕೊಳ್ಳಲು? ಅಷ್ಟು ದಿನ ಮರಳು ಚೀಲದ ನಡುವೆ ಹೆಣದ ಹಾಗೆ ಮಲಗಿ ಪಡೆದುಕೊಂಡ ಕಣ್ಣನ್ನು ಉಪಯೋಗಿಸಬಾರದಂತೆ. ಡಾಕ್ಟರಮ್ಮನ ಮುಂದೆ ತಲೆಯಾಡಿಸಿದೆ. ಚೀಟಿಯಲ್ಲಿ ಆ ಕಣ್ಣಿನ ಪವರು ಎಷ್ಟೆಂದು ಬರೆದಿದ್ದರು. ಅದನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು, ಬರುವಾಗ ಬೇಕೆಂದೇ ರಾಮನಗರದ ಕಡೆಯಿಂದ ಸುತ್ತಿಕೊಂಡು ಬಂದು, ಅಲ್ಲಿ ಒಂದು ಕನ್ನಡಕದ ಅಂಗಡಿಗೆ ಹೋದೆ.

ಅಂಗಡಿಯವನು ಚೀಟಿ ನೋಡಿ, ನನ್ನನ್ನು ನೋಡಿ, ಮತ್ತೆ ಚೀಟಿ ನೋಡಿದ. "ಸಾರ್, ಬಲಗಡೆ ಮಾತ್ರ ದಪ್ಪದ್ದು, ಎಡಗಡೆ ಸಾದಾ ಗಾಜು, ಹಾಗೇನಾ? ಡಾಕ್ಟ್ರು ಹಾಕ್ಕೊಳ್ಳಿ ಅಂದ್ರಾ?" ಎಂದ.

"ಹಾಕ್ಕೊಳ್ಳೋನು ನಾನಯ್ಯ, ಡಾಕ್ಟ್ರಲ್ಲ," ಎಂದೆ.

"ಸರಿ ಸಾರ್. ಅಭ್ಯಾಸ ಆಗೋಗುತ್ತೆ," ಎಂದ. ಕನ್ನಡಕದ ಅಂಗಡಿಯವರು, ಚಪ್ಪಲಿ ಅಂಗಡಿಯವರು, ಹೆಣ್ಣು ತೋರಿಸುವ ದಲ್ಲಾಳಿಗಳು ಎಲ್ಲರೂ ಹೇಳುವ ಮಾತು ಇದೊಂದೇ.

ಹತ್ತು ದಿನದ ಮೇಲೆ ಕನ್ನಡಕ ಬಂತು. ಬಲಗಡೆ ಗೋಲಿ ಸೋಡಾ ಬಾಟಲಿಯ ತಳ, ಎಡಗಡೆ ಕಿಟಕಿಯ ಗಾಜು. ಹಾಕಿಕೊಂಡ ತಕ್ಷಣ ಒಂದು ಕಡೆಗೆ ಮೂಗು ಜಗ್ಗಿತು. ತಲೆಯೆತ್ತಿ ನೋಡಿದರೆ ಅಂಗಡಿಯವನು ಇಬ್ಬರಾಗಿದ್ದ. ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು, ದೊಡ್ಡವನ ಹೊಟ್ಟೆಯೊಳಗೆ ಚಿಕ್ಕವನು ನಿಂತು ನಗುತ್ತಿದ್ದಾನೆ. "ಹೆಂಗೈತೆ ಸಾರ್?" ಎಂದು ಇಬ್ಬರೂ ಕೇಳಿದರು. ಬಾಯಿ ಬಿಟ್ಟು ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ವಂಶದಲ್ಲಿಲ್ಲ. "ಬಹಳ ಚೆನ್ನಾಗಿದೆ," ಎಂದು ಹೇಳಿ ಹೊರಗೆ ಬಂದು, ನಿಂತಿದ್ದ ಎರಡು ಬಸ್ಸುಗಳಲ್ಲಿ ಯಾವುದನ್ನು ಹತ್ತಬೇಕೆಂದು ತಿಳಿಯದೆ, ಬಾಗಿಲಿನ ಕಂಬಿ ಹಿಡಿಯಲು ಹೋಗಿ ಗಾಳಿ ಹಿಡಿದುಕೊಂಡು, ಕಂಡಕ್ಟರನ ಕೈಯಿಂದ ಎತ್ತಿಸಿಕೊಂಡು ಮಾಗಡಿ ಸೇರಿದೆ.

ಮನೆಯಲ್ಲಿ ನನ್ನ ಹೆಂಡತಿ ಸಾವಿತ್ರಿ ಊಟಕ್ಕೆ ಬಡಿಸಿದಳು. ತಟ್ಟೆಯಲ್ಲಿ ಒಂದು ದೊಡ್ಡ ಮುದ್ದೆ, ಅದಕ್ಕೆ ಅಂಟಿಕೊಂಡು ಒಂದು ಚಿಕ್ಕ ಮುದ್ದೆ. ಹಸಿವಾಗಿತ್ತು, ದೊಡ್ಡದಕ್ಕೇ ಕೈ ಹಾಕಿದೆ. ಬೆರಳೆಲ್ಲ ಸುಡುವ ಸಾರಿನೊಳಗೆ ಹೋಯಿತು.

"ಏನ್ರೀ ಮಾಡ್ತಿದ್ದೀರಿ?"

"ಮುದ್ದೆ ಮುರೀತಿದ್ದೀನಿ."

"ಮುದ್ದೆ ಇಲ್ಲಿದೆ. ನೀವು ಮುರೀತಿರೋದು ಯಾವುದು?"

"ದೊಡ್ಡದು."

"ದೊಡ್ಡದು ಅಂತ ಯಾವುದೂ ಇಲ್ಲ, ನಾನು ಮಾಡಿರೋದು ಒಂದೇ ಅಳತೆ," ಎಂದಳು. ಆಮೇಲೆ ನನ್ನ ಮುಖವನ್ನೇ ನೋಡಿ, "ಡಾಕ್ಟ್ರು ಬೇಡ ಅಂದಿದ್ರು ಅಂತ ನೀವೇ ಹೇಳಿದ್ರಲ್ಲ?" ಎಂದು ಕೇಳಿದಳು. ನನಗೆ ರೇಗಿತು. ರೇಗಿದಾಗ ಮನುಷ್ಯ ಆಡಬಾರದ್ದನ್ನು ಆಡುತ್ತಾನೆ. "ಡಾಕ್ಟ್ರು ಬಿಡು. ಈ ಕನ್ನಡಕದಲ್ಲಿ ಈಗ ನಿಜ ಕಾಣ್ತಿದೆ. ನೀನು ಇಷ್ಟು ದಪ್ಪಗಿದ್ದೀಯ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ," ಎಂದೆ. ಅಲ್ಲಿಂದ ಮುಂದೆ ಎರಡು ದಿನ ನನಗೆ ಬಡಿಸಿದವರು ಯಾರೂ ಇಲ್ಲ. ಪಾತ್ರೆಗಳು ಎಲ್ಲಿವೆಯೋ ಅಲ್ಲೇ ಇರುತ್ತಿದ್ದವು, ನಾನು ಅವುಗಳ ಪಕ್ಕದಲ್ಲಿ ಕೈಯಾಡಿಸುತ್ತಿದ್ದೆ. ಮೆಟ್ಟಿಲಿಲ್ಲದ ಕಡೆ ಕಾಲೆತ್ತಿ ಇಟ್ಟೆ, ಇರುವ ಕಡೆ ಎಡವಿದೆ. ಸಂಜೆ ಹೊತ್ತಿಗೆ ತಲೆ ಸಿಡಿದು ಹೋಳಾಗುತ್ತಿತ್ತು. ಆದರೂ ಕನ್ನಡಕ ತೆಗೆಯಲಿಲ್ಲ. ಅಭ್ಯಾಸ ಆಗಬೇಕಲ್ಲ!

ಇದೆಲ್ಲ ನನ್ನ ಮನೆಯೊಳಗೇ ಮುಗಿದಿದ್ದರೆ ಹೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ರಜೆ ಮುಗಿದು ಮೊದಲನೆಯ ದಿನವೇ ನನಗೆ ಹದ್ದುಬಸ್ತಿನ ಕೆಲಸ, ಎಂದರೆ ಗಡಿ ಗುರುತಿಸುವ ಕೆಲಸ, ಬಂತು. ಕಲ್ಯ ಎಂಬ ಊರಿನಿಂದ ಆಚೆಗೆ ಮೂರು ಮೈಲಿ ನಡೆದರೆ ಸಿಗುವ ಒಂದು ಸಣ್ಣ ಹಳ್ಳಿ. ಅಲ್ಲಿ ಗೌರಮ್ಮ ಎಂಬ ವಿಧವೆ ಒಂದು ಪಟ್ಟಿ ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳ ಸಾಕಿ, ಎರಡು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಪಕ್ಕದ ಜಮೀನು ಆಕೆಯ ಗಂಡನ ಅಣ್ಣ ಸಿದ್ದೇಗೌಡನದು. ನಡುವಿನ ಹದ್ದಿನ ಕಲ್ಲು ಕಾಣೆಯಾಗಿತ್ತು. ಅದು ತಾನಾಗಿ ನೆಲಕ್ಕಿಳಿದು ಹೋಯಿತು ಎಂದು ಸಿದ್ದೇಗೌಡ ಹೇಳುತ್ತಿದ್ದ. ಉಳುವಾಗ ಯಾರೋ ಕಿತ್ತರು, ಯಾರೆಂದು ಕೇಳಬೇಡಿ ಎಂದು ಗೌರಮ್ಮ ಹೇಳುತ್ತಿದ್ದಳು.

ನಮ್ಮ ಸರಪಳಿ ಮೂವತ್ತಮೂರು ಅಡಿ ಉದ್ದ. ಅದನ್ನು ಹದಿನಾರು ಆಣೆ ಎಂದು ಭಾಗ ಮಾಡಿ, ಒಂದೊಂದು ಆಣೆಗೂ ಒಂದೊಂದು ಹಿತ್ತಾಳೆಯ ಬಿಲ್ಲೆ ಕಟ್ಟಿರುತ್ತಾರೆ. ಒಂದು ಆಣೆ ಎಂದರೆ ಎರಡು ಅಡಿ ಚಿಲ್ಲರೆ. ಹಳೆಯ ಟಿಪ್ಪಣಿಯ ಪ್ರಕಾರ ಸಿದ್ದೇಗೌಡನ ಮೂಲೆಗಲ್ಲಿನಿಂದ ಎರಡು ಸರಪಳಿ ಆರು ಆಣೆಗೆ ಹದ್ದು. ಅದರಾಚೆ ಗೌರಮ್ಮನದು. ಇಷ್ಟೇ ಕೆಲಸ. ಗೂಟಗಳ ಸಾಲು ನೇರ ಇದೆಯೇ ಎಂದು ನೋಡುವಾಗ ಒಂದು ಕಣ್ಣು ಮುಚ್ಚುವುದು ನಮ್ಮ ರೂಢಿ. ಅಲ್ಲಿಯವರೆಗೂ ಎಲ್ಲ ಸರಿಯಾಗಿಯೇ ನಡೆಯಿತು. ಎರಡು ಪೂರ್ತಿ ಸರಪಳಿ ಅಳೆದದ್ದಾಯಿತು. ಮೂರನೆಯದರಲ್ಲಿ ಆರನೆಯ ಬಿಲ್ಲೆ ಹುಡುಕಲು ನಾನು ಎರಡೂ ಕಣ್ಣು ತೆರೆದು ಬಗ್ಗಿದೆ. ದೊಡ್ಡ ಬಿಲ್ಲೆಗಳ ನಡುವೆ ಚಿಕ್ಕ ಬಿಲ್ಲೆಗಳು, ಚಿಕ್ಕವುಗಳ ಪಕ್ಕ ದೊಡ್ಡವುಗಳ ನೆರಳು. ಒಂದು ಎಂದು ಎಣಿಸಿದ್ದು ಎರಡೋ, ಎರಡು ಎಂದುಕೊಂಡದ್ದು ಒಂದೋ! ಬೆರಳಿಟ್ಟು ಎಣಿಸುತ್ತಾ ಹೋಗಿ, "ಇಲ್ಲಿ ಹೊಡಿ ಗೂಟ," ಎಂದೆ.

ನನ್ನ ಚೈನ್‌ಮನ್ ಕೆಂಪಣ್ಣ ಹದಿನೆಂಟು ವರ್ಷದಿಂದ ಸರಪಳಿ ಎಳೆದವನು. ಅವನು ಗೂಟ ಹಿಡಿದುಕೊಂಡೇ ನಿಂತ. "ಸಾ, ಆರಾಣೆ ಒಸಿ ಹಿಂದ್ಕೆ ಬತ್ತದಲ್ವಾ?" ಎಂದು ಮೆಲ್ಲಗೆ ಕೇಳಿದ.

"ನನಗೆ ಕಣ್ಣಿಲ್ವೇನಯ್ಯ?" ಎಂದು ಗದರಿದೆ. ಅಲ್ಲಿ ಸೇರಿದ್ದವರೆಲ್ಲ ನನ್ನ ಕನ್ನಡಕವನ್ನು ನೋಡಿದರು.

ಗೂಟ ಬಿದ್ದದ್ದು ಹಿಪ್ಪುನೇರಳೆಯ ಎರಡನೆಯ ಸಾಲಿನ ಆಚೆಗೆ. ಗೌರಮ್ಮ ಓಡಿಬಂದಳು. "ಸ್ವಾಮಿ, ಇದು ಅನ್ಯಾಯ. ಈ ಎರಡು ಸಾಲು ನಮ್ಮ ಯಜಮಾನ್ರು ಕೈಯಾರೆ ನೆಟ್ಟಿದ್ದು. ಹುಳ ನಾಕ್ನೇ ಜ್ವರ ಎದ್ದವೆ, ಈಗ ಬೆಂಕಿ ತಿಂದಂಗೆ ತಿಂತವೆ. ಸೊಪ್ಪು ಸಾಲ್ದೆ ಹೋದ್ರೆ ಗೂಡೇ ಕಟ್ಟಾಕಿಲ್ಲ. ಇನ್ನೊಂದು ಕಿತ ಅಳೀರಿ," ಎಂದಳು. ಚರ್ಮ ಕಳಚಲು ಹುಳ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಸಲ ಎದ್ದ ಹುಳದ ಹಸಿವನ್ನು ಕಂಡವರೇ ಬಲ್ಲರು. ನನಗೂ ಗೊತ್ತಿತ್ತು. ಆದರೆ ತಲೆ ಸಿಡಿಯುತ್ತಿತ್ತು, ಎದುರಿಗೆ ಎರಡು ಗೌರಮ್ಮಂದಿರು ಕೈಮುಗಿದು ನಿಂತಿದ್ದರು. "ಸರ್ಕಾರದ ಅಳತೆ ಅಂದ್ರೆ ಒಂದೇ ಸಲ ಕಣಮ್ಮ," ಎಂದು ಹೇಳಿ ಮಹಜರು ಬರೆದೆ. ಸಿದ್ದೇಗೌಡ ಆನಂದವಾಗಿ ರುಜು ಹಾಕಿದ. ಆಕೆ ಹಾಕಲಿಲ್ಲ. "ನಿಮ್ ಕಣ್ಣಿಗೆ ಕಂಡಿದ್ದಕ್ಕೆ ನಾನ್ಯಾಕೆ ಹೆಬ್ಬೆಟ್ಟು ಒತ್ಲಿ?" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆಯೇ ಕೆಂಪಣ್ಣ ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದ. ಅಂಗಳದುದ್ದಕ್ಕೂ ಅದನ್ನು ಎಳೆದು ಹಾಕಿದ. ಒಂದು ತುದಿ ತುಳಸಿಕಟ್ಟೆಯ ಹತ್ತಿರ, ಇನ್ನೊಂದು ತುದಿ ರಸ್ತೆಯಂಚಿನಲ್ಲಿ.

"ಸಾ, ತಪ್ಪು ತಿಳ್ಕಬ್ಯಾಡಿ. ಆರಾಣೆ ಎಲ್ಲೈತೆ, ಒಸಿ ತೋರ್ಸಿ," ಎಂದ.

ನಾನು ತುಳಸಿಕಟ್ಟೆಯ ಕಡೆಯಿಂದ ಬಗ್ಗಿ ಎಣಿಸಿಕೊಂಡು ಹೋಗಿ ಒಂದು ಬಿಲ್ಲೆಯ ಮೇಲೆ ಕಾಲಿಟ್ಟೆ. ಕೆಂಪಣ್ಣ ನೆಲ ನೋಡಿದ. ಬಾಗಿಲಲ್ಲಿ ನಿಂತಿದ್ದ ಸಾವಿತ್ರಿ ಎರಡು ದಿನದ ಮೌನ ಮುರಿದಳು. "ಅಲ್ರೀ, ನೀವು ನಿಂತಿರೋದು ಸರಪಳಿಯ ನಡುಮಧ್ಯೆ. ಹದಿನಾರರಲ್ಲಿ ಅರ್ಧ ಆರಾಗುತ್ತಾ?"

ನಾನು ಕನ್ನಡಕ ತೆಗೆದು ನೋಡಿದೆ. ಒಂದೇ ಸರಪಳಿ, ಒಂದೊಂದೇ ಬಿಲ್ಲೆ. ನನ್ನ ಹಿಂದೆ ಎಷ್ಟು ಉದ್ದವಿತ್ತೋ ಮುಂದೆಯೂ ಅಷ್ಟೇ ಇತ್ತು. ಎಂಟನೆಯ ಬಿಲ್ಲೆಯ ಮೇಲೆ ನಿಂತಿದ್ದೆ. ಎರಡು ಆಣೆ, ನಾಲ್ಕು ಅಡಿ, ಎರಡು ಸಾಲು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕ್ಷಣಕ್ಕೆ ನನಗೆ ಮೊದಲು ನೆನಪಾದದ್ದು ಗೌರಮ್ಮನಲ್ಲ, ಮಹಜರು. ರುಜು ಬಿದ್ದ ಕಾಗದವನ್ನು ನಾನೇ ತಪ್ಪು ಎಂದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಸಿದ್ದೇಗೌಡ ಅರ್ಜಿ ಹಾಕದೆ ಬಿಡುತ್ತಾನೆಯೇ? ಎರಡು ಸಾಲು ಹೋದರೆ ಪ್ರಪಂಚ ಮುಳುಗುವುದಿಲ್ಲ, ಆಕೆ ಮೇಲರ್ಜಿ ಹಾಕಿಕೊಳ್ಳಲಿ, ಇನ್ನೊಬ್ಬ ಸರ್ವೆಯರು ಬಂದು ಸರಿಮಾಡಲಿ ಎಂದೆಲ್ಲ ಗಟ್ಟಿಯಾಗಿಯೇ ಹೇಳಿಕೊಂಡೆ.

"ಮೇಲರ್ಜಿ ವಿಚಾರಣೆಗೆ ಬರೋವರೆಗೆ ಹುಳ ಉಪವಾಸ ಕೂತಿರ್ತವಾ?" ಎಂದು ಸಾವಿತ್ರಿ ಕೇಳಿದಳು. ಕೆಂಪಣ್ಣ ಅಷ್ಟರಲ್ಲಿ ಸರಪಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, "ಒಂಬತ್ತು ಗಂಟೆ ಬಸ್ಸು ಐತೆ ಸಾ," ಎಂದ. ಹೋಗುತ್ತೀರೋ ಇಲ್ಲವೋ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಾವು ಹೋಗುವಷ್ಟರಲ್ಲಿ ಸಿದ್ದೇಗೌಡ ಗೂಟದ ಜಾಗದಲ್ಲಿ ಕಲ್ಲು ನೆಡಿಸಿ ಸುತ್ತಲೂ ಸಿಮೆಂಟು ಹಾಕಿಸಿದ್ದ. ಹದ್ದಿನ ಕಲ್ಲಿಗೆ ಸಿಮೆಂಟು ಹಾಕಿದ್ದನ್ನು ನನ್ನ ಸರ್ವೀಸಿನಲ್ಲೇ ಮೊದಲು ಕಂಡದ್ದು. ಒಂದು ಸಾಲಿನ ಅರ್ಧ ಸೊಪ್ಪು ಕೊಯ್ದು ಹೊರೆ ಕಟ್ಟಿಯೂ ಆಗಿತ್ತು. ಗೌರಮ್ಮ ಬದುವಿನ ಆಚೆಗೆ ಬರಿಗೈಯಲ್ಲಿ ನಿಂತು ನೋಡುತ್ತಿದ್ದಳು. ನಾನು ಹೋದ ತಕ್ಷಣ ಎಲ್ಲರಿಗೂ ಕೇಳುವಂತೆ, "ನಿನ್ನೆ ನಾನು ತಪ್ಪು ಅಳೆದೆ. ಮತ್ತೆ ಅಳೀಬೇಕು," ಎಂದು ಹೇಳಿಬಿಟ್ಟೆ. ಸ್ವಲ್ಪ ತಡೆದಿದ್ದರೆ ಹೇಳುತ್ತಿರಲಿಲ್ಲವೇನೋ.

ಸಿದ್ದೇಗೌಡ ಕುಡುಗೋಲು ಕೆಳಗಿಟ್ಟ. "ಅದ್ಹೆಂಗ್ ಸ್ವಾಮಿ? ನಿನ್ನೆ ಎರಡು ಕಣ್ಣಲ್ಲಿ ನೋಡಿ ಹೇಳಿದ್ದು ಸುಳ್ಳು, ಇವತ್ತು ಕನ್ನಡಕ ತೆಗೆದು ಒಂದು ಕಣ್ಣಲ್ಲಿ ನೋಡಿ ಹೇಳೋದು ನಿಜವಾ?"

"ಹೌದು," ಎಂದೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ವಿವರಿಸಿದೆ. ಮಸೂರ, ಮಿದುಳು, ಕಾಲುಭಾಗ ದೊಡ್ಡದು. ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಕನ್ನಡಕವನ್ನೇ ಸಿದ್ದೇಗೌಡನ ಕೈಗೆ ಕೊಟ್ಟು, "ನೀನೇ ಹಾಕ್ಕೊಂಡು ನೋಡಪ್ಪ," ಎಂದೆ. ಅವನ ಕಣ್ಣುಗಳು ಚೆನ್ನಾಗಿದ್ದವು, ನನಗಾದದ್ದು ಅವನಿಗೆ ಹೇಗಾದೀತು? ಹಾಕಿಕೊಂಡು ಆಕಾಶ ನೋಡಿದ, ಭೂಮಿ ನೋಡಿದ. "ಈ ಕಡೆ ಮಂಜು, ಆ ಕಡೆ ಚೆಂದಾಗೈತೆ. ಎರಡಾಗಿ ಏನೂ ಕಾಣಾಕಿಲ್ಲ. ನೆಪ ಹೇಳ್ಬ್ಯಾಡಿ," ಎಂದು ವಾಪಸು ಕೊಟ್ಟ. ನನ್ನ ಏಕೈಕ ಸಾಕ್ಷಿಯೂ ನನ್ನ ವಿರುದ್ಧವೇ ನುಡಿಯಿತು.

ಆಗ ಕೆಂಪಣ್ಣನೇ ದಾರಿ ತೋರಿಸಿದ. ಮೂಲೆಗಲ್ಲಿನಿಂದ ಎರಡು ಸರಪಳಿ ಎಲ್ಲರ ಎದುರು ಅಳೆದು, ಮೂರನೆಯದನ್ನು ಎಳೆದು ಹಿಡಿದು, "ನಮ್ ಸಾಹೇಬ್ರ ಕಣ್ಣೂ ಬ್ಯಾಡ, ನನ್ ಕಣ್ಣೂ ಬ್ಯಾಡ. ಗೌಡ್ರೇ, ನೀವೇ ಎಣಿಸ್ಕಂಡ್ ಬನ್ನಿ," ಎಂದ. ಸಿದ್ದೇಗೌಡ ಜೋರಾಗಿ ಶುರುಮಾಡಿದ. ಒಂದು, ಎರಡು, ಮೂರು. ನಾಲ್ಕಕ್ಕೆ ದನಿ ತಗ್ಗಿತು. ಐದು ಎಂದಾಗ ಮುಂದೆ ನೋಡಿದ. ಆರು ಎಂದು ಅವನು ಬಾಯಿಬಿಟ್ಟು ಹೇಳಲೇ ಇಲ್ಲ, ಆದರೆ ಅವನ ಕಾಲು ಆರನೆಯ ಬಿಲ್ಲೆಯ ಹತ್ತಿರ ನಿಂತಿತ್ತು, ಮತ್ತು ಎರಡೂ ಹಿಪ್ಪುನೇರಳೆ ಸಾಲುಗಳು ಅವನ ಮುಂದೆ, ಗೌರಮ್ಮನ ಕಡೆ ಇದ್ದವು.

ಸಿಮೆಂಟು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಹಾರೆ ತೆಗೆದುಕೊಂಡು ಕಲ್ಲನ್ನು ನಾನೇ ಕಿತ್ತೆ. ಸರ್ವೆಯರು ಹಾರೆ ಹಿಡಿಯುವ ಪದ್ಧತಿಯಿಲ್ಲ, ಆದರೆ ಕೆಂಪಣ್ಣನಿಗೆ ಹೇಳಲು ನಾಚಿಕೆಯಾಯಿತು. ಹೊಸ ಜಾಗದಲ್ಲಿ ಕಲ್ಲು ನಿಂತ ಮೇಲೆ ಗೌರಮ್ಮ ಬದು ದಾಟಿ ಬಂದಳು. ಕೃತಜ್ಞತೆಯಿಂದ ಏನಾದರೂ ಹೇಳುತ್ತಾಳೆಂದು ನಾನು ಬೆವರು ಒರೆಸಿಕೊಂಡು, ಮುಖವನ್ನು ವಿನಯವಾಗಿ ಇಟ್ಟುಕೊಂಡು ನಿಂತೆ. ಆಕೆ ಕೊಯ್ದಿದ್ದ ಸೊಪ್ಪಿನ ಹೊರೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, "ಈ ಬುದ್ಧಿ ನಿನ್ನೇನೇ ಬಂದಿದ್ರೆ ರಾತ್ರಿ ಹುಳಕ್ಕೆ ಅರೆಹೊಟ್ಟೆ ಹಾಕ್ತಿರ್ಲಿಲ್ಲ," ಎಂದು ಹೇಳಿ, ಹುಳದ ಮನೆಯ ಕಡೆಗೆ ದಾಪುಗಾಲು ಹಾಕಿದಳು. ನಿಜವಾದ ಮಾತು. ಆದ್ದರಿಂದಲೇ ಇವತ್ತಿಗೂ ನನಗೆ ಅದರ ಮೇಲೆ ಸಿಟ್ಟು.

ಅಷ್ಟೇ ಸಿಟ್ಟಿನಲ್ಲಿ ಮುಂದಿನ ವಾರ ರಾಮನಗರದ ಅಂಗಡಿಗೆ ಹೋಗಿ ಕನ್ನಡಕವನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದೆ. ಅಂಗಡಿಯವನು, ಈ ಸಲ ಒಬ್ಬನೇ, ಸಮಾಧಾನವಾಗಿ ಎಲ್ಲ ಕೇಳಿಕೊಂಡು ಪರಿಹಾರ ಹೇಳಿದ: "ಎಡಗಣ್ಣಿಗೂ ಆಪರೇಷನ್ ಮಾಡಿಸ್ಕೊಂಡು ಬಂದ್ಬಿಡಿ ಸಾರ್. ಎರಡಕ್ಕೂ ದಪ್ಪದ್ದೇ ಹಾಕಿಕೊಡ್ತೀನಿ, ಒಂದೇ ಸೈಜಿಗೆ ಬರುತ್ತೆ." ನನ್ನ ಬಳಿ ಉಳಿದಿರುವ ಒಂದೇ ಒಳ್ಳೆಯ ಕಣ್ಣನ್ನೂ ಕೆಡಿಸಿಕೊಂಡು ಸಮಾನತೆ ಸಾಧಿಸಬೇಕಂತೆ. ಹೊಡೆಯೋಣವೆನ್ನಿಸಿತು. ಆದರೆ ಮಾಡಿಕೊಡು ಎಂದು ಕೇಳಿದವನು ನಾನೇ ತಾನೆ?

ಸಿದ್ದೇಗೌಡ ಅರ್ಜಿ ಹಾಕಿಯೇ ಹಾಕಿದ. ಕನ್ನಡಕ ಹಾಕಿಕೊಂಡಾಗ ಒಂದು ಅಳತೆ, ತೆಗೆದಾಗ ಒಂದು ಅಳತೆ ಹೇಳುವ ನೌಕರನ ಮೇಲೆ ಕ್ರಮ ಕೈಗೊಳ್ಳಬೇಕು ಎಂದು ಬರೆಸಿದ್ದ. ಮೂರು ದಿನದೊಳಗೆ ವಿವರಣೆ ಕೊಡಿ ಎಂದು ತಹಸೀಲ್ದಾರರಿಂದ ನೋಟೀಸು ಬಂತು. ನಾನು ಕೂತು ಬರೆದೆ, ಹರಿದೆ. ಮಸೂರದ ವಿಷಯ ಬರೆದರೆ ಪುಸ್ತಕದ ಪಾಠದಂತೆ ಕಾಣುತ್ತಿತ್ತು, ಮುದ್ದೆಯ ವಿಷಯ ಬರೆದರೆ ಹುಚ್ಚನಂತೆ ಕಾಣುತ್ತಿತ್ತು. ಕೊನೆಗೆ ಬೇಸತ್ತು, ನಡೆದದ್ದನ್ನು ನಡೆದಂತೆ, ಸರ್ಕಾರಿ ಕನ್ನಡದಲ್ಲಿ ಎರಡೇ ಸಾಲು ಬರೆದು ಒಯ್ದೆ.

ತಹಸೀಲ್ದಾರರು ಅದನ್ನು ಗಟ್ಟಿಯಾಗಿಯೇ ಓದಿದರು: "ಸದರಿ ದಿನ ನನಗೆ ಎರಡೂ ಕಣ್ಣು ಕಾಣುತ್ತಿದ್ದುದರಿಂದ ಅಳತೆಯಲ್ಲಿ ತಪ್ಪಾಗಿರುತ್ತದೆ. ಮರುದಿನ ಒಂದೇ ಕಣ್ಣು ಕಾಣುತ್ತಿದ್ದ ಕಾರಣ ಸರಿಯಾಗಿ ಅಳೆಯಲಾಗಿರುತ್ತದೆ." ಬೈಯುತ್ತಾರೆ ಎಂದು ಕಾದೆ. ಅವರು ಪೆನ್ನು ತೆಗೆದು ಕೆಳಗೆ, "ವಿವರಣೆ ತೃಪ್ತಿಕರವಾಗಿದೆ. ನೌಕರರು ಇನ್ನು ಮುಂದೆ ಇಂತಹುದಕ್ಕೆ ಆಸ್ಪದ ಕೊಡತಕ್ಕದ್ದಲ್ಲ," ಎಂದು ಷರಾ ಬರೆದು ರುಜು ಮಾಡಿದರು.

ನನ್ನ ಸರ್ವೀಸಿನಲ್ಲಿ ಎಷ್ಟೋ ವಿವರಣೆ ಬರೆದಿದ್ದೇನೆ. ಒಂದಕ್ಷರವನ್ನೂ ಹೊಡೆದುಹಾಕದೆ ಮೇಲಿನವರು ಒಪ್ಪಿಕೊಂಡದ್ದು ಇದೊಂದನ್ನೇ. ಎರಡು ಕಣ್ಣೂ ಕಾಣುತ್ತಿದ್ದುದೇ ತಪ್ಪಿಗೆ ಕಾರಣವೆಂದು ಲಿಖಿತವಾಗಿ ಒಪ್ಪಿಕೊಂಡು, ಇನ್ನೊಮ್ಮೆ ಹಾಗಾಗಕೂಡದೆಂದು ಸರ್ಕಾರದ ಅಪ್ಪಣೆ ಪಡೆದ ಸರ್ವೆಯರು ಈ ಸೀಮೆಗೆಲ್ಲ ನಾನೊಬ್ಬನೇ ಇರಬೇಕು.